ಕುಲೂಪ್ ಕಾಕಾನ ಕಪಾಟು

ಲಾಸಲಗಾಂವ್‌ನಲ್ಲಿ ನಾನು ಕೆಲಸ ಮಾಡುವ ಈರುಳ್ಳಿ ಅಡತಿ ಅಂಗಡಿಗೆ ಫೋನು ಬಂದರೆ ನಾನು ಯಾವಾಗಲೂ ಮಾಲೀಕರ ದನಿಯಲ್ಲೇ ಎತ್ತುತ್ತೇನೆ. ಲಾರಿಯವರು ಅಷ್ಟಕ್ಕೇ ನೆಟ್ಟಗಾಗುತ್ತಾರೆ. ಕಳೆದ ವಾರ ಹಾಗೇ ಎತ್ತಿ, ಮಾಲೀಕರಂತೆ ಒಂದು ಸಲ ಕೆಮ್ಮಿ, "ಬೋಲಾ" ಅಂದೆ. ಆ ಕಡೆಯಿಂದ ರಮಾಕಾಂತ, "ಸಾಕು ನಿನ್ನ ನಾಟಕ. ಕುಲೂಪ್ ಕಾಕಾ ಹೋದರು" ಅಂದ.

ರಮಾಕಾಂತ ನನ್ನ ಕಾಲೇಜಿನ ಗೆಳೆಯ. ಗಂಗಾಪುರದವನು, ಹುಟ್ಟು ಕುರುಡ, ಈಗ ಔರಂಗಾಬಾದಿನ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್. ಮರಾಠಿಯವನಾದರೂ ನನ್ನ ಸಹವಾಸದಿಂದ ನಾಲ್ಕು ಕನ್ನಡ ಬೈಗುಳ ಬಲ್ಲವನು. ನಾನು ಯಾರ ದನಿ ತೆಗೆದರೂ ಅದರ ಕೆಳಗೆ ಅಡಗಿ ಕೂತ ನನ್ನನ್ನು ಕಿವಿ ಹಿಡಿದು ಎಳೆಯುವವರು ಇಬ್ಬರೇ ಇದ್ದರು. ಈಗ ಇವನೊಬ್ಬ ಉಳಿದ.

ಕುಲೂಪ್ ಅಂದರೆ ಮರಾಠಿಯಲ್ಲಿ ಬೀಗ. ಕಾಕಾ ನಮ್ಮ ಕಾಲೇಜಿನ ಹೆಡ್ ಕ್ಲಾರ್ಕ್. ಕಾಲೇಜಿದ್ದ ಊರು ಔರಂಗಾಬಾದ್. ಆಗಲೇ ಕೆಲವರು ಸಂಭಾಜಿನಗರ ಅನ್ನುತ್ತಿದ್ದರು, ಎಸ್.ಟಿ. ಬಸ್ಸಿನ ಕಂಡಕ್ಟರ್ ಮಾತ್ರ ಎರಡಕ್ಕೂ ಒಂದೇ ಟಿಕೆಟ್ ಹರಿಯುತ್ತಿದ್ದ. ಕಾಕಾ ಬೀದರ್ ಕಡೆಯವರು, ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ಹೀಗಾಗಿ ಅವರ ಲೆಕ್ಕ ಉರ್ದುವಿನಲ್ಲಿ, ಕಚೇರಿ ಮರಾಠಿಯಲ್ಲಿ, ಸಿಟ್ಟು ಕನ್ನಡದಲ್ಲಿ. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಸ್ತ್ರಿ ಕಂಡರೆ ಮುಖ ತಿರುಗಿಸುವ ಬಾದಾಮಿ ಬಣ್ಣದ ಸಫಾರಿ.

ಅವರ ಹಿಂದೆ ಒಂದು ಕಬ್ಬಿಣದ ಕಪಾಟು. ಅದರ ಕೀಲಿಕೈ ಅವರ ಉಡದಾರಕ್ಕೆ ಕಟ್ಟಿತ್ತು. ದಾರವೋ ಗಿಡ್ಡ. ಕಪಾಟು ತೆರೆಯಬೇಕೆಂದರೆ ಕಾಕಾ ಅದಕ್ಕೆ ಹೊಟ್ಟೆ ಹಚ್ಚಿ ನಿಂತು, ತುದಿಗಾಲಲ್ಲಿ ಏರಿ, ಅಪ್ಪಿಕೊಂಡಂತೆ ಮಾಡಿ ಕೀಲಿ ತಿರುಗಿಸಬೇಕು. ಹೊಸ ಹುಡುಗಿಯರು ಇದನ್ನು ಕಂಡು ನಾಚಿ ಬೇರೆ ಕಡೆ ನೋಡುತ್ತಿದ್ದರು. ನಾನು ಕ್ಯಾಂಟೀನಿನ ನೀರಿನ ಹಂಡೆಯನ್ನು ಅಪ್ಪಿಕೊಂಡು ಇದರ ನಕಲು ಮಾಡಿ ಎಷ್ಟು ಚಹಾ ಸಂಪಾದಿಸಿದ್ದೇನೋ! ಒಂದು ದಿನ ಕಾಕಾ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದರು. ಕೊನೆಗೆ, "ಹಂಡೆ ಸುಡ್ತದ, ಹುಷಾರ್" ಅಂದು ಹೋದರು.

ಕಾಕಾನ ಬಾಯಿಂದ ಒಂದು ಸುದ್ದಿ ಹೊರಡಿಸುವುದು ಈರುಳ್ಳಿ ಮೂಟೆಯಿಂದ ಸಕ್ಕರೆ ತೆಗೆದಂತೆ. ಗಂಟೆ ಎಷ್ಟು ಕಾಕಾ ಅಂದರೆ ಗಡಿಯಾರ ನೋಡಿಕೊಂಡು, "ಯಾಕ ಬೇಕು?" ಅನ್ನುವರು. ಪ್ರಿನ್ಸಿಪಾಲರು ಒಳಗಿದ್ದಾರಾ ಅಂದರೆ, "ಬಾಗಲಾ ತೆರದು ನೋಡ್ರಿ, ಇದ್ರ ಕಾಣ್ತಾರ." ತೀರಾ ಪೀಡಿಸಿದರೆ ಅವರದೊಂದು ಮಾತಿತ್ತು: "ನಿಂದು ನೀ ಹೇಳ್ಕೋ, ಅವರದು ಅವರು ಹೇಳ್ಕೋತಾರ. ನಾ ಎದಕ್ಕ ನಡುವ?"

ನನ್ನ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಉಗ್ಗುತ್ತೇನೆ. ಅಲ್ಲೊಂದು ಇಲ್ಲೊಂದು ಅಲ್ಲ. ಮಾತಿನ ಬಾಗಿಲಲ್ಲೇ ಎಮ್ಮೆ ಅಡ್ಡ ಮಲಗಿದಂತೆ. ಆದರೆ ಬೇರೆಯವರ ದನಿ ತೆಗೆದರೆ ಸಾಕು, ಎಮ್ಮೆ ಎದ್ದು ಹೋಗುತ್ತದೆ. ಯಾಕೆ ಅಂತ ಡಾಕ್ಟರಿಗೂ ತಿಳಿಯಲಿಲ್ಲ. ಅದಕ್ಕೇ ಚಿಕ್ಕಂದಿನಿಂದ ನನ್ನ ದನಿಯನ್ನು ಟ್ರಂಕಿನಲ್ಲಿಟ್ಟು ಊರವರ ದನಿಗಳನ್ನು ತೊಟ್ಟುಕೊಂಡು ತಿರುಗಿದೆ. ಕ್ಲಾಸಿನಲ್ಲಿ ಹಾಜರಿ ಕೂಗಿದರೆ ದಿನಕ್ಕೊಂದು ದನಿಯಲ್ಲಿ "ಪ್ರೆಸೆಂಟ್": ಒಂದು ದಿನ ಹಾಲಿನವನು, ಒಂದು ದಿನ ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸು, ಒಂದು ದಿನ ಸ್ವತಃ ಹಾಜರಿ ಕೂಗಿದ ಸರ್. ಎಲ್ಲರೂ ಇದನ್ನು ಅಧಿಕಪ್ರಸಂಗ ಅಂದುಕೊಂಡರು. ಅಂದುಕೊಳ್ಳಲಿ ಅಂತಲೇ ನನ್ನ ಆಸೆ. ಅಧಿಕಪ್ರಸಂಗಿಗೆ ಜನ ಬೈಯುತ್ತಾರೆ, ಆಮೇಲೆ ನಗುತ್ತಾರೆ. ಉಗ್ಗುವವನಿಗೆ "ಪಾಪ" ಅನ್ನುತ್ತಾರೆ, ಆಮೇಲೆ ಅವನು ಎಂಥ ಜೋಕು ಹೇಳಿದರೂ ಅದೇ ಪಾಪ. ಆ ಒಂದು ಸಂಗತಿ ಹೊರಬಿದ್ದರೆ ನನ್ನ ಅಂಗಡಿ ಮುಚ್ಚಿದಂತೆಯೇ.

ಅಪ್ಪ ಧಾರವಾಡ ಕಡೆಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ನಾಸಿಕಕ್ಕೆ ಬಂದವರು. ನನ್ನನ್ನು ಔರಂಗಾಬಾದಿನ ಹಾಸ್ಟೆಲಿನಲ್ಲಿ ಬಿಡಲು ಬಂದಾಗ ನಾಸಿಕದ ಆಸ್ಪತ್ರೆಯಿಂದ ಒಂದು ಸರ್ಟಿಫಿಕೇಟು ತಂದಿದ್ದರು. ಮೌಖಿಕ ಪರೀಕ್ಷೆಯಲ್ಲಿ ಹುಡುಗನಿಗೆ ಹೆಚ್ಚಿನ ಸಮಯ ಕೊಡಬೇಕು, ವಿದ್ಯಾಪೀಠದಿಂದ, ಅಂದರೆ ಯುನಿವರ್ಸಿಟಿಯಿಂದ, ಮಂಜೂರಾತಿ ತರಿಸಬೇಕು ಅಂತ. ಎಲ್ಲ ಅವರೇ ಹೇಳಿದರು. ಕಾಕಾ ಕೇಳಿಸಿಕೊಂಡು, "ಸಾಹೇಬ್ರ, ಹೊರಗ ಚಾ ಚಲೋ ಮಾಡ್ತಾನ, ಕುಡದು ಬರ್ರಿ" ಅಂದು ಅಪ್ಪನನ್ನು ಸಾಗಿಸಿದರು. ಬಾಗಿಲು ಮುಂದಕ್ಕೆ ತಳ್ಳಿ ನನ್ನ ಕಡೆ ತಿರುಗಿದರು.

"ಈಗ ನೀ ಹೇಳು. ಈ ಸವಲತ್ತು ನಿನಗ ಬೇಕೇನು?"

ನಾನು ಥೇಟ್ ಅಪ್ಪನ ದನಿಯಲ್ಲಿ, "ಬೇಕಾಗಿತ್ರಿ, ಅದಕ್ಕs ಬಂದೇವಿ" ಅಂದೆ.

ಕಾಕಾ ನಗಲಿಲ್ಲ. "ಇದು ನಿಮ್ಮಪ್ಪನ ದನಿ. ಅವರದು ಅಡ್ಮಿಷನ್ ಇಲ್ಲ."

ಆಮೇಲೆ ನಾನು ನನ್ನ ದನಿಯಲ್ಲಿ ಹೇಳಿದೆ. ಅದು ಹೊರಬರುವಷ್ಟು ಹೊತ್ತು ಅವರು ಮೇಜಿನ ಮೇಲಿನ ಇಂಕಿನ ಕಲೆಯನ್ನು ಬೆರಳಿಂದ ಉಜ್ಜುತ್ತ ಕೂತರು. ನನ್ನ ಮಾತನ್ನು ತಾವು ಮುಗಿಸಲಿಲ್ಲ, ತಲೆ ಆಡಿಸಲಿಲ್ಲ, ಸಾವಕಾಶ ಹೇಳು ಅನ್ನಲಿಲ್ಲ. ಮುಗಿದ ಮೇಲೆ ಎದ್ದು ಕಪಾಟನ್ನು ಅಪ್ಪಿಕೊಂಡರು.

ಕಾಗದ ಒಳಗೆ ಹೋಯಿತು. ಅದರ ಫಲ ಹೊರಗೆ ಬರಬೇಕಲ್ಲ? ಅಲ್ಲಿತ್ತು ಕಾಕಾನ ಕರಾಮತ್ತು. ಬೇರೆ ಕಾಲೇಜುಗಳಲ್ಲಿ ನೋಟೀಸ್ ಬೋರ್ಡಿನ ಮೇಲೆ ಹೆಸರು, ಹೆಸರಿನ ಮುಂದೆ ಅಂಧ, ಅಪಂಗ, ಇನ್ನೊಂದು ಅಂತ ಬರೆದು ಅಂಟಿಸುತ್ತಿದ್ದರು. ಬೀದಿಯ ಹಣ್ಣಿನವನೂ ಓದಿಕೊಂಡು ಹೋಗಬಹುದು. ನಮ್ಮಲ್ಲಿ ಹಾಗಿಲ್ಲ. ನನ್ನ ಮೌಖಿಕ ಪರೀಕ್ಷೆಯ ದಿನ ಕಾಕಾ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗಿದರು: "ಏ ತಮ್ಮಾ, ನಿನ್ನ ಕಾಗದ ಸಿಗವಲ್ದು! ಎಲ್ಲಾರ್ದು ಮುಗೀಲಿ, ಕಡೀಕ ಬಾ!" ಎಲ್ಲರೂ ಹೋದ ಮೇಲೆ, ಖಾಲಿ ಕೋಣೆಯಲ್ಲಿ, ಮೊದಲೇ ತಿಳಿಸಿಟ್ಟ ಪರೀಕ್ಷಕರ ಮುಂದೆ ನಾನೂ ನನ್ನ ಎಮ್ಮೆಯೂ ಬೇಕಾದಷ್ಟು ಹೊತ್ತು ಕೂತೆವು.

ಹೀಗೆ ಪ್ರತಿ ವರ್ಷ ಯಾರದೋ ಕಾಗದ "ಸಿಗವಲ್ದು." ಮಹಡಿ ಹತ್ತಲಾರದ ಹುಡುಗಿಯ ಹಾಲ್ ಟಿಕೆಟ್ಟಿನಲ್ಲಿ "ತಪ್ಪಾಗಿ" ಕೆಳಗಿನ ಕೋಣೆಯ ನಂಬರು. ಅವಳೊಬ್ಬಳೇ ಎದ್ದು ಕಾಣಬಾರದೆಂದು ಅದೇ ತಪ್ಪು ಇನ್ನೂ ಕೆಲವರ ಟಿಕೆಟ್ಟಿನಲ್ಲಿ. ಒಂದು ಸಲ ಕುಸ್ತಿ ಆಡುವ ಒಬ್ಬ ಧಾಂಡಿಗ ಆ ಕೋಣೆಗೆ ಬಿದ್ದ. ಇವನಿಗೇನು ಕಾಯಿಲೆಯೋ ಅಂತ ಹುಡುಗಿಯರೆಲ್ಲ ಮರುಗಿದರು. ಪುಣ್ಯಾತ್ಮ ಅಲ್ಲಗಳೆಯಲೇ ಇಲ್ಲ, ಆ ವಾರವೆಲ್ಲ ಸ್ವಲ್ಪ ಕುಂಟಿದ. ಪ್ರಾಧ್ಯಾಪಕರು ಸ್ಟಾಫ್ ರೂಮಿನಲ್ಲಿ, "ಈ ಮನುಷ್ಯನ ಕೈಗೆ ಕಾಗದ ಕೊಟ್ಟರೆ ಗೋದಾವರಿಗೆ ಎಸೆದಂತೆ" ಅನ್ನುತ್ತಿದ್ದರು. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಕಾಗದವನ್ನೂ ಎಂದೂ ಕಳೆಯದ ಮನುಷ್ಯ, ಕಾಗದ ಕಳೆಯುವವನೆಂದು ಊರೆಲ್ಲ ಹೆಸರಾಗಿ ಆರಾಮಾಗಿ ಎಲೆಯಡಿಕೆ ಹಾಕುತ್ತಿದ್ದ.

ಭಾನುವಾರ ಅವರ ಮನೆಯಲ್ಲಿ ನನಗೆ ರೊಟ್ಟಿ ಊಟ. ಕಾಕಾನ ಹೆಂಡತಿ, ನಮಗೆಲ್ಲ ಕಾಕು, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಇವತ್ತ ಯಾರ ಬಂದಾರ?" ಅಂತ ಕೇಳುವರು. ನಾನು ಅವರ ಓಣಿಯ ಕಿರಾಣಿಯವನಾಗಿಯೋ, ಪಕ್ಕದ ಮನೆಯ ಮಾಸ್ತರಾಗಿಯೋ, ಹೆಚ್ಚಾಗಿ ಕಾಕಾನೇ ಆಗಿಯೋ ಒಳಗೆ ಹೋಗಿ ಉಣ್ಣುತ್ತಿದ್ದೆ. ಕಾಕು ನಕ್ಕು ನಕ್ಕು ಸೆರಗು ಬಾಯಿಗೆ ಒತ್ತಿಕೊಳ್ಳುವರು. ಕಾಕಾ ಹೆಂಡತಿ ನಗುವುದನ್ನು ನೋಡುತ್ತ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆಯುವರು.

ಮೂರನೆಯ ವರ್ಷ ನಮಗೆ ಹೊಸ ಪ್ರಿನ್ಸಿಪಾಲರು ಬಂದರು. ಬಹಳ ದಯಾಳು. ಅವರ ದಯೆ ಮೈಮೇಲೆ ಬಿದ್ದರೆ ಏಳುವುದು ಕಷ್ಟ, ಅಂಥದು. ಎದುರಿನವರ ಮಾತು ಪೂರ್ತಿಯಾಗುವ ಮೊದಲೇ ತಾವೇ ಮುಗಿಸಿಕೊಡುವ ಉಪಕಾರಬುದ್ಧಿ ಬೇರೆ. ಗ್ಯಾದರಿಂಗ್ ಹತ್ತಿರ ಬಂದಿತ್ತು. ಅದು ವರ್ಷಕ್ಕೊಮ್ಮೆ ಬರುವ ನಮ್ಮ ಕಾಲೇಜಿನ ಜಾತ್ರೆ, ಕೊನೆಯ ಐಟಂ ನನ್ನ ಮಿಮಿಕ್ರಿ. ಈ ಸಲ ಅದೇ ವೇದಿಕೆಯ ಮೇಲೆ ದೇಹದ ತೊಂದರೆ ಇದ್ದೂ ಓದುವ ವಿದ್ಯಾರ್ಥಿಗಳ ಸತ್ಕಾರ ಆಗಬೇಕು ಅಂತ ಪ್ರಿನ್ಸಿಪಾಲರಿಗೆ ಹೊಳೆಯಿತು. ಹೆಸರು, ಏನು ತೊಂದರೆ, ಎಲ್ಲ ಮೈಕಿನಲ್ಲಿ ಹೇಳಿ, ಮುಖ್ಯ ಅತಿಥಿಗಳ ಕೈಯಿಂದ ಶಾಲು, ತೆಂಗಿನಕಾಯಿ. ಶಾಲುಗಳ ಕಟ್ಟು ಆಗಲೇ ಬಂದಿಳಿದಿತ್ತು. ಇನ್ನು ಹೊದೆಸಲು ಹೆಗಲು ಬೇಕು.

ಪ್ರಿನ್ಸಿಪಾಲರು ಒಳಫೋನಿನಲ್ಲಿ ಕಾಕಾನನ್ನು ಹಿಡಿದು, ಮೆಡಿಕಲ್ ಕಾಗದ ಕೊಟ್ಟ ವಿದ್ಯಾರ್ಥಿಗಳ ಹೆಸರೆಲ್ಲ ಕಾಯಿಲೆಯ ಸಮೇತ ಕಳಿಸಿ ಅಂದರು. ಅವರು ಬಂದ ವಾರದಲ್ಲೇ ನಾನು ಅವರ ದನಿಯನ್ನು ಕರತಲಾಮಲಕ ಮಾಡಿಕೊಂಡಿದ್ದೆ, ಅದೇ ಫೋನಿನಲ್ಲಿ ಒಂದೆರಡು ಸಲ ಕಾಕಾನನ್ನು ಕಾಡಿಯೂ ಇದ್ದೆ. ಪ್ರತಿ ಸಲ ಸಿಕ್ಕಿಬಿದ್ದಿದ್ದೆ. ಈ ಸಲ ಕಾಕಾ ಇದೂ ನಾನೇ ಅಂತ ತಿಳಿದರು. ಅಪ್ಪಟ ಕನ್ನಡದಲ್ಲಿ, "ಏ ಮಂಗ್ಯಾ, ಹಲ್ಲು ಉದುರಸ್ತೀನಿ! ಫೋನ್ ಇಟ್ಟು ಓದ್ಲಕ್ ಕೂಡು!" ಅಂದು ಕುಕ್ಕಿದರು.

ಮರುದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ನೀನು ಕನ್ನಡದವನಲ್ಲವಾ? 'ಮಂಗ್ಯಾ' ಅಂದರೆ ಏನು?"

ನಾನು ನಮ್ಮ ಇತಿಹಾಸದ ಸರ್ ದನಿಯಲ್ಲಿ, ಅದು ಬೀದರ್ ಕಡೆ ಹಿರಿಯರನ್ನು ಸಂಬೋಧಿಸುವ ಹಳೆಯ ಗೌರವದ ಮಾತು ಅಂತ ವಿವರಿಸಿದೆ. ಅವರು ಸಂತೋಷಪಟ್ಟರು.

ಫೋನು ಮಾಡಿದ್ದು ನಿಜವಾಗಿ ಪ್ರಿನ್ಸಿಪಾಲರೇ ಎಂದು ಗೊತ್ತಾದ ಮೇಲೂ ಕಾಕಾ ಪಟ್ಟಿ ಕೊಡಲಿಲ್ಲ. ಕಪಾಟಿನಲ್ಲಿ ಕಾಗದ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗಿ ಕೇಳಿದರು. ಬೇಕೇನು ಸತ್ಕಾರ? ರಮಾಕಾಂತ, "ಶಾಲು ಉಣ್ಣೆಯದೋ ಬರೀ ತೋರಿಕೆಯದೋ?" ಅಂತ ವಿಚಾರಿಸಿದ. ಉಣ್ಣೆಯದೆಂದು ತಿಳಿದು, "ನಾನು ಕುರುಡ ಅನ್ನುವುದು ನನ್ನ ಬಿಟ್ಟು ಎಲ್ಲರಿಗೂ ಕಾಣುತ್ತದೆ. ಅವ್ವನಿಗೆ ಚಳಿಗಾಲಕ್ಕಾಯಿತು, ಬರುತ್ತೇನೆ" ಅಂದ. ಉಳಿದವರು ಬೇಡ ಅಂದರು. ನನ್ನನ್ನು ಹಾಸ್ಟೆಲಿನ ಹಿಂದೆ ಹಿಡಿದಾಗ ನಾನು ಬಾಯಿ ತೆರೆಯುವ ಗೋಜಿಗೇ ಹೋಗದೆ ಎರಡೂ ಕೈ ಮುಗಿದೆ. "ತಿಳೀತು" ಅಂದರು.

ಒಂದೇ ಹೆಸರು ಬಂದದ್ದು ನೋಡಿ ಪ್ರಿನ್ಸಿಪಾಲರಿಗೆ ಮನಸ್ಸು ತಡೆಯಲಿಲ್ಲ. ಮಂಜೂರಾತಿ ಕೊಡುವುದು ವಿದ್ಯಾಪೀಠ ತಾನೇ? ಅಲ್ಲಿಂದಲೇ ಪತ್ರ ತರಿಸಿಕೊಂಡರು. ನನಗಿದು ಗೊತ್ತಾದದ್ದು ಗ್ಯಾದರಿಂಗಿನ ಸಂಜೆ, ಪರದೆಯ ಹಿಂದೆ ಮೀಸೆ ಅಂಟಿಸಿಕೊಳ್ಳುವಾಗ. ಪ್ರಿನ್ಸಿಪಾಲರು ಕೈಯಲ್ಲಿ ಆ ಪತ್ರ ಹಿಡಿದು, ಕಣ್ಣಲ್ಲಿ ನೀರು ತುಂಬಿ, ನನ್ನ ಬೆನ್ನು ತಟ್ಟಿದರು. "ಮೊದಲು ನಿನ್ನ ವಿಷಯ ಮೈಕಿನಲ್ಲಿ ಹೇಳುತ್ತೇನೆ. ಈ ಹುಡುಗನಿಗೆ ಮಾತೇ ಬರುವುದಿಲ್ಲ ಅಂತ. ಆಮೇಲೆ ನೀನು ಮಿಮಿಕ್ರಿ ಮಾಡು. ಜನ ಎದ್ದು ನಿಲ್ಲುತ್ತಾರೆ!"

ಅರ್ಧ ಮೀಸೆಯಲ್ಲಿ ನಾನು ಕಂಬದಂತೆ ನಿಂತೆ. ಆಗ ಕಾಕಾ ಬಂದರು. ತೆಂಗಿನಕಾಯಿ ಜೋಡಿಸಿದ ಅಗಲವಾದ ತಟ್ಟೆ, ಪರಾತ, ಹಿಡಿದುಕೊಂಡಿದ್ದರು. ಪ್ರಿನ್ಸಿಪಾಲರ ಕೈಯಲ್ಲಿದ್ದ ಪತ್ರ ನೋಡಿದರು, ನನ್ನ ಮುಖ ನೋಡಿದರು, ಪರಾತ ಕೆಳಗಿಟ್ಟರು. ಮಾತೆಲ್ಲ ಮರಾಠಿಯಲ್ಲೇ ಆಯಿತು, ಆದರೆ ಕಾಕಾನ ಮರಾಠಿಯೂ ಬೀದರಿನದೇ ಆದ್ದರಿಂದ ನನಗೆ ಇಂದಿಗೂ ಅದು ಹೀಗೇ ಕೇಳಿಸುತ್ತದೆ.

"ಸರ, ಇವನ ಹೆಸರು ಓದಬ್ಯಾಡ್ರಿ."

"ಯಾಕೆ? ಇದು ಅಭಿಮಾನದ ವಿಷಯ. ಚಪ್ಪಾಳೆ ನಿಲ್ಲುವುದಿಲ್ಲ, ನೋಡುತ್ತಿರಿ."

"ಅದೇ ಚಿಂತಿ ಅದ ಸರ. ಅವ ನಗಸ್ಲಕ್ ಬಂದಾನ."

"ಪತ್ರ ಬಂದದ್ದು ನನ್ನ ಹೆಸರಿಗೆ."

"ಹೌದ್ರಿ. ಓದ್ಲಕ್ ಬಂದದ. ಓದಿ ಹೇಳ್ಲಕ್ ಬಂದಿಲ್ಲ. ಅವನಿಗಿ ಕೇಳ್ರಿ, ನಿಂತಾನಲ್ಲ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. ನನಗೆ ಆ ಹೊತ್ತಿನಲ್ಲಿ ಒಬ್ಬರ ದನಿಯೂ ಸಿಗಲಿಲ್ಲ. ಹಾಲಿನವನೂ ಇಲ್ಲ, ಇತಿಹಾಸದ ಸರ್ ಕೂಡ ಇಲ್ಲ. ನನ್ನದೇ ದನಿಯಲ್ಲಿ ಬೇಡ ಅನ್ನಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಬಾಯಿ ತೆರೆದು ನಿಂತೆ.

"ನೋಡಿ!" ಅಂದರು ಪ್ರಿನ್ಸಿಪಾಲರು, ಪೂರ್ತಿ ಕರಗಿ. "ಹುಡುಗನ ಗಂಟಲು ತುಂಬಿ ಬಂದಿದೆ!"

ಹೊರಗೆ ಮೈಕು ಹಲೋ ಹಲೋ ಅನ್ನುತ್ತಿತ್ತು. ಕಾಕಾನಿಗೆ ನಿವೃತ್ತಿ ಹತ್ತಿರ ಬಂದಿತ್ತು, ಅವರ ಪೆನ್ಷನ್ ಕಾಗದಕ್ಕೆ ಸಹಿ ಹಾಕಬೇಕಾದವರು ಇದೇ ಪ್ರಿನ್ಸಿಪಾಲರು. ಅದು ಕಾಕಾನಿಗೆ ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಆ ಕಾಗದವೂ ಅವರ ಕಪಾಟಿನಲ್ಲೇ ಇತ್ತು. ಒಂದು ಹೆಜ್ಜೆ ಮುಂದೆ ಬಂದು, ದನಿ ಏರಿಸದೆ, ಅಡುಗೆಗೆ ಉಪ್ಪು ಸಾಕೇ ಅಂತ ಕೇಳುವವರಂತೆ ಅಂದರು:

"ಸರ, ನಮ್ಮ ಕಪಾಟಿನ್ಯಾಗ ಕೆಳಗಿನ ಖಾನೆ ಹುಡುಗೂರ್ದು, ಮ್ಯಾಲಿನ ಖಾನೆ ಸ್ಟಾಫಿಂದು. ನಿಮ್ಮ ಮೆಡಿಕಲ್ ಕಾಗದ ಭೀ ಅಲ್ಲೇ ಅದಾವ. ಇವತ್ತಿನ ತನಕ ಯಾರು ಕೇಳಿದ್ರೂ ನಾ ಹೇಳಿಲ್ಲ."

ಪ್ರಿನ್ಸಿಪಾಲರ ಕೈ ತಾನಾಗಿ ಕೋಟಿನ ಗುಂಡಿಗೆ ಹೋಯಿತು. "ಯಾರು ಕೇಳಿದರು?"

"ಅದು ಹೇಳಂಗಿಲ್ಲಂತನೇ ಹೇಳ್ಲಕತ್ತೀನಲ್ರಿ ಸರ."

"ಸ್ಟಾಫಿನವರೇನು?"

ಕಾಕಾ ಪರಾತ ಎತ್ತಿಕೊಂಡು, ಕಾಯಿಗಳ ಜುಟ್ಟು ಒಂದೇ ಕಡೆಗೆ ಬರುವಂತೆ ಜೋಡಿಸತೊಡಗಿದರು.

ಪ್ರಿನ್ಸಿಪಾಲರು ಪತ್ರವನ್ನು ಮಡಚಿದರು. ಇನ್ನೊಮ್ಮೆ ಮಡಚಿದರು. ಆಮೇಲೆ, ತಮ್ಮ ಜೀವಮಾನದಲ್ಲಿ ಮೊದಲ ಸಲ ಇರಬೇಕು, ಒಂದು ಮಾತನ್ನು ಅರ್ಧಕ್ಕೇ ಬಿಟ್ಟು ಪತ್ರವನ್ನು ಕಾಕಾನ ಪರಾತದಲ್ಲಿಟ್ಟು ವೇದಿಕೆಗೆ ಹೋದರು.

ಆ ಸಂಜೆ ರಮಾಕಾಂತನೊಬ್ಬನಿಗೇ ಸತ್ಕಾರ. ಶಾಲಿನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ಮೈಕಿನಲ್ಲೇ "ಉಣ್ಣೆಯದೇ" ಅಂದ. ಸಭೆ ಕುಣಿದಾಡಿತು. ಮಿಕ್ಕ ಶಾಲುಗಳು ಅತಿಥಿಗಳಿಗೆ, ಅತಿಥಿಗಳ ಜೊತೆ ಬಂದವರಿಗೆ, ಅವರ ಡ್ರೈವರಿಗೆ ಹೋದವು. ನಾನು ಅರ್ಧ ಮೀಸೆಯಲ್ಲೇ ವೇದಿಕೆ ಹತ್ತಿ ಒಂದಿಡೀ ಕಾಲೇಜನ್ನು ನಗಿಸಿ ಇಳಿದೆ. ಒಬ್ಬರಾದರೂ ಪಾಪ ಅನ್ನಲಿಲ್ಲ. ಪ್ರಿನ್ಸಿಪಾಲರ ನಕಲಿಗೆ ಪ್ರಿನ್ಸಿಪಾಲರೇ ಎಲ್ಲರಿಗಿಂತ ಜೋರಾಗಿ ನಕ್ಕರು, ನಗುನಗುತ್ತಲೇ ಸ್ಟಾಫಿನವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಪೆನ್ಷನ್ ಕಾಗದಕ್ಕೆ ಸಹಿ ಆಯಿತು, ತಡವಾಗಲಿಲ್ಲ. ಮನುಷ್ಯ ದಯಾಳು ಅಂದೆನಲ್ಲ.

ಆ ಮೇಲಿನ ಖಾನೆಯಲ್ಲಿ ಏನಿತ್ತು ಅಂತ ನಾನು ಕಾಕಾನನ್ನು ಪೀಡಿಸದ ಭಾನುವಾರವಿಲ್ಲ. ಮೂಲವ್ಯಾಧಿಯೇ? ತಲೆಯ ಮೇಲಿನ ಟೋಪನ್ ಕೂದಲೇ? ಎರಡನೆಯ ಸಾಲು ಹಲ್ಲೇ? ಕಾಕಾ ರೊಟ್ಟಿ ಮು​ರಿಯುತ್ತ, "ಪಲ್ಯ ಆರ್ತದ, ಉಣ್ಣು" ಅನ್ನುವರು. ಅವರು ನಿವೃತ್ತರಾದರು, ಪ್ರಿನ್ಸಿಪಾಲರೂ ನಿವೃತ್ತರಾದರು, ನಾನು ಈರುಳ್ಳಿಗೆ ಬಂದೆ. ಕೇಳಿದಾಗಲೆಲ್ಲ ಪಲ್ಯ ಆರುತ್ತಲೇ ಇತ್ತು.

ರಮಾಕಾಂತನ ಫೋನು ಬಂದ ಮರುದಿನ ಬಸ್ಸು ಹಿಡಿದು ಕಾಕುವನ್ನು ಮಾತಾಡಿಸಲು ಹೋದೆ. ಕಾಕು ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು, "ಬಾರೋ ತಮ್ಮಾ. ಇವತ್ತ ಯಾರ ದನೀಲೆ ಅಳ್ತೀ?" ಅಂದರು. ಇಬ್ಬರಿಗೂ ನಗು ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು.

ಹೊತ್ತು ಕಳೆಯಲೆಂದು ನಾನು ಗ್ಯಾದರಿಂಗಿನ ಕಥೆ ತೆಗೆದೆ. ಒಮ್ಮೆ ಪ್ರಿನ್ಸಿಪಾಲರಾದೆ, ಒಮ್ಮೆ ಕಾಕಾ ಆದೆ, ಪರಾತದ ಬದಲು ತಟ್ಟೆ ಹಿಡಿದೆ. ಕಾಕು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ಇಷ್ಟೆಲ್ಲಾ ಆಗಿತ್ತೇನು? ನನಗ ಒಂದಕ್ಷರ ಹೇಳಿಲ್ಲ ನೋಡು ಈ ಮನಷ್ಯಾ. ಕಚೇರಿಂದ ಬಂದು ಬೂಟ್ ಬಿಚ್ಚಾವ್ರು, ಬಾಯಿ ಮುಚ್ಚಾವ್ರು." ಆಮೇಲೆ, "ಹಂಗಾದ್ರ ಆ ಹುಡುಗ ಯಾರಿದ್ದ? ಏನಾಗಿತ್ತು ಅವನಿಗಿ?" ಅಂದರು.

ನಾನು ಚಾಳಿಯಂತೆ ಕಥೆಯನ್ನು "ಒಬ್ಬ ಹುಡುಗ" ಅಂತಲೇ ಹೇಳಿದ್ದೆ. ಇಷ್ಟು ವರ್ಷ ಇದೇ ಮನೆಯಲ್ಲಿ ಉಂಡಿದ್ದೆ, ಆದರೂ ಕಾಕುಗೆ ಗೊತ್ತಿರಲಿಲ್ಲ. ತಟ್ಟೆ ಕೆಳಗಿಟ್ಟು, ಯಾರ ದನಿಯನ್ನೂ ತೆಗೆದುಕೊಳ್ಳದೆ ಬಾಯಿ ತೆರೆದೆ.

"ಅದು ನಾ… ನಾ… ನಾ…"

ಕಾಕು ಕಣ್ಣರಳಿಸಿ ನೋಡಿದರು. ನಕ್ಕರು.

"ಅಯ್ಯ, ಇದು ಯಾರ ನಕಲ್ಲೋ? ಈ ಮನಷ್ಯಾಗ ನಾ ನೋಡೇ ಇಲ್ಲಲ್ಲ!"

"ನಾ… ನಾನs, ಕಾಕು" ಅಂದೆ.